ಕೊನೆಯ ಗೊಂಡೋಲಾದಲ್ಲಿ ಇಳಿದು ಬಾ

ಚಿ. ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕಾಗದ ಬಂತು. ಮನೆಯ ಸುದ್ದಿಯೆಲ್ಲ ಅಮ್ಮ ನಿನಗೆ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನೀನು ಸುಮ್ಮನೆ ಬರೆದು ಮುಂದಕ್ಕೆ ಹೋದ ಒಂದು ಸಾಲು ನನ್ನನ್ನು ಬಿಡುತ್ತಿಲ್ಲ. ಬೆಟ್ಟ ಹತ್ತಿಸುವ ಲಿಫ್ಟ್ ನಿಂತ ಮೇಲೂ ಬೆಟ್ಟದ ಮೇಲಿನ ಹ್ಯೂಟೆಯಲ್ಲಿ, ಅಂದರೆ ಊಟ ಪಾನೀಯ ಸಿಗುವ ಆ ಮರದ ಮನೆಯಲ್ಲಿ, ಕೂತಿರುತ್ತೇವೆ, ಆರು ಗಂಟೆಗೆ ಎಲ್ಲರೂ ಒಟ್ಟಿಗೆ ಸ್ಕೀ ಹಾಕಿಕೊಂಡು ಇಳಿಯುತ್ತೇವೆ, ಆಗ ಪಿಸ್ಟ್, ಅಂದರೆ ಸ್ಕೀ ಇಳಿಯುವ ಹಾದಿ, ಪೂರ್ತಿ ನಮ್ಮದೇ ಎಂದು ಬರೆದಿದ್ದೀಯ. ಆ ಹೊತ್ತಿನಲ್ಲಿ ಪಿಸ್ಟ್ ನಿಮ್ಮದಲ್ಲ ಕಣಪ್ಪ, ಯಂತ್ರಗಳದು.

ಸಂಜೆ ಗಸ್ತಿನವರು ಕೊನೆಯ ಸುತ್ತು ಮುಗಿಸಿ ಪಿಸ್ಟ್ ಮುಚ್ಚಿದ ಮೇಲೆ ಹಿಮ ಹದ ಮಾಡುವ ಪಿಸ್ಟನ್‌ಬುಲ್ಲಿಗಳು ಹೊರಡುತ್ತವೆ. ಕಡಿದಾದ ಇಳಿಜಾರಿನಲ್ಲಿ ಅವು ತಮ್ಮಷ್ಟಕ್ಕೆ ನಿಲ್ಲಲಾರವು. ಮೇಲೆ ಒಂದು ಗೂಟಕ್ಕೆ ಉಕ್ಕಿನ ಹಗ್ಗ ಕಟ್ಟಿ, ಅದನ್ನು ಸುತ್ತಿಕೊಳ್ಳುವ ವಿಂಚಿನ ಬಲದಲ್ಲಿ ಇಳಿದು ಹತ್ತುತ್ತವೆ. ಹಗ್ಗ ಬೆರಳಷ್ಟೇ ದಪ್ಪ, ಉದ್ದ ಮಾತ್ರ ಸಾವಿರ ಮೀಟರಿನವರೆಗೂ ಇರುತ್ತದೆ. ಯಂತ್ರ ದಿಬ್ಬದ ಆಚೆ ಇದ್ದರೆ ಅದರ ದೀಪ ನಿನಗೆ ಕಾಣುವುದಿಲ್ಲ, ಹಗ್ಗ ಮಾತ್ರ ನಿನ್ನ ದಾರಿಗೆ ಅಡ್ಡ ಇರುತ್ತದೆ. ಒಂದು ಕ್ಷಣ ಹಿಮದಲ್ಲಿ ಹೂತು ಮಲಗಿದ್ದದ್ದು ಯಂತ್ರ ಕದಲಿದೊಡನೆ ಸೆಟೆದು ಮೇಲೆದ್ದು ಪಕ್ಕಕ್ಕೆ ಬೀಸುತ್ತದೆ. ವೇಗದಲ್ಲಿ ಬರುವವನಿಗೆ ಅದು ಕತ್ತಿಯೇ. ಮಂಗಳದ ಮಾತಲ್ಲ, ಬರೆಯಬಾರದಿತ್ತೇನೋ. ಆದರೂ ಬರೆದೆ.

ಕೂರಬೇಡ ಎನ್ನುತ್ತಿಲ್ಲ, ನೋಡು. ಆ ಕೂಟದ ಸೆಳೆತ ನನಗೆ ಗೊತ್ತು. ಬೆಳಗಿನಿಂದ ಬಿಗಿದಿದ್ದ ಬೂಟಿನ ಬಕಲ್‌ಗಳನ್ನು ಒಂದೊಂದಾಗಿ ಬಿಚ್ಚುವಾಗ ಪಾದಕ್ಕೆ ರಕ್ತ ಮರಳುವ ಆ ಸುಖ! ತೊಡೆಗಳಲ್ಲಿ ಹಿತವಾದ ನೋವು, ಕೆಂಪೇರಿದ ಮುಖಗಳು, ಎದುರು ಶಿಖರದ ಮೇಲೆ ಕೊನೆಯ ಬಿಸಿಲು. ಕಠಿಣವಾದ ಕಪ್ಪು ಪಿಸ್ಟ್ ಇಳಿದವನೂ ಸುಲಭದ ನೀಲಿ ಪಿಸ್ಟಿನಲ್ಲಿ ಹತ್ತು ಸಲ ಬಿದ್ದವನೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅಲ್ಲಿ ಬಿದ್ದವನ ಮಾತಿಗೇ ಹೆಚ್ಚು ಬೆಲೆ. ಆಸ್ಟ್ರಿಯಾದ ಟಿರೋಲಿನಲ್ಲಿ ಸಾವಿರ ಮೀಟರಿಗಿಂತ ಮೇಲೆ ಎಲ್ಲರೂ ಒಬ್ಬರಿಗೊಬ್ಬರು 'ಡು', ಅಂದರೆ 'ನೀನು'. ಕೆಳಗೆ ಆಫೀಸಿನಲ್ಲಿ 'ಸೀ', ಅಂದರೆ 'ನೀವು', ಎಂದು ಬಹುವಚನದಲ್ಲಿ ಮಾತಾಡಿಸುವವರು ಮೇಲೆ ಏಕವಚನಕ್ಕೆ ಇಳಿಯುತ್ತಾರೆ. ಉದ್ದ ಮೇಜಿನಲ್ಲಿ ಜಾಗ ಕಂಡರೆ, ಖಾಲಿ ಇದೆಯೇ ಎಂದು ಕೇಳಿ ಗುರುತಿಲ್ಲದವರ ಪಕ್ಕ ಕೂತುಬಿಡುವುದು ಅಲ್ಲಿಯ ರೂಢಿ. ಹೊಸ ದೇಶದಲ್ಲಿ ಒಂಟಿಯಾಗಿರುವವನಿಗೆ ಇದಕ್ಕಿಂತ ಸಲೀಸಾದ ಬಾಗಿಲು ಇನ್ನೊಂದಿಲ್ಲ. ಅದೇ ದೇಶದ ಆರ್ಲ್‌ಬರ್ಗ್‌ನಲ್ಲಿದ್ದ ಚಳಿಗಾಲಗಳಲ್ಲಿ ನಾನು ಮೂರೂವರೆಗೇ ಎದ್ದು ಕೋಣೆ ಸೇರುತ್ತಿದ್ದೆ. ಶಿಸ್ತು ಅಂದುಕೊಂಡಿದ್ದೆ. ಅದು ಬರೀ ಸಂಕೋಚ. ಈಗ ನನಗೆ ಆ ಇಳಿಜಾರುಗಳ ನೆನಪಿದೆ, ಹೆಸರು ಹಿಡಿದು ಕಾಗದ ಬರೆಯಲು ಅಲ್ಲಿ ಒಬ್ಬರೂ ಇಲ್ಲ.

ಹಾಗಾಗಿ ಕೂರು. ಇಳಿಯುವುದು ಮಾತ್ರ ಗೊಂಡೋಲಾದಲ್ಲಿ, ಆ ರೋಪ್‌ವೇ ಪೆಟ್ಟಿಗೆಯಲ್ಲಿ. ಸ್ಟೇಷನ್ನಿನ ಫಲಕದಲ್ಲಿ ಎರಡು ಸಮಯ ಬರೆದಿರುತ್ತಾರೆ, ಕೊನೆಯ ಬಾರಿ ಮೇಲೆ ಹೋಗುವುದು ಒಂದು, ಕೆಳಗೆ ಬರುವುದು ಇನ್ನೊಂದು. 'ಟಾಲ್‌ಫಾರ್ಟ್' ಎಂದಿರುವುದನ್ನೇ ನೋಡು, ಅದು ಕೆಳಗೆ ಬರುವುದು. ನಡು ಚಳಿಗಾಲದಲ್ಲಿ ಅದು ಹೆಚ್ಚಾಗಿ ನಾಲ್ಕರ ಆಸುಪಾಸು, ಮಾರ್ಚ್ ಹೊತ್ತಿಗೆ ಸ್ವಲ್ಪ ಮುಂದಕ್ಕೆ ಹೋಗುತ್ತದೆ. ಜೋರು ಗಾಳಿ ಬಂದರೆ ಹೇಳಿದ ಸಮಯಕ್ಕೂ ಮುಂಚೆಯೇ ನಿಲ್ಲಿಸುತ್ತಾರೆ, ಆದ್ದರಿಂದ ಅರ್ಧ ಗಂಟೆ ಕೈಯಲ್ಲಿರಲಿ. ಹರಟೆಯ ಉಳಿದ ಭಾಗ ಊರಿನಲ್ಲಿ, ಕಣಿವೆಯ ಸ್ಟೇಷನ್ನಿನ ಪಕ್ಕದಲ್ಲಿ ನಡೆಯಲಿ. ಅಲ್ಲಿಂದ ಮನೆಗೆ ನಡೆದೇ ಹೋಗಬಹುದು.

ಕುಡಿಯುವ ವಿಷಯ ನಿನ್ನ ವಯಸ್ಸಿನವನಿಗೆ ಹೇಳಲು ಮುಜುಗರ. ಲೆಕ್ಕವನ್ನಷ್ಟೇ ಬರೆಯುತ್ತೇನೆ. ಅರ್ಧ ಲೀಟರ್ ಬಿಯರಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರ ಇರುತ್ತದೆ. ದೇಹ ಗಂಟೆಗೆ ಕರಗಿಸುವುದು ಎಂಟು ಹತ್ತು ಗ್ರಾಂ ಇರಬಹುದು. ನಾಲ್ಕು ಗಂಟೆಗೆ ಎರಡು ಮಗ್ ಮುಗಿಸಿದವನ ರಕ್ತದಲ್ಲಿ ಆರು ಗಂಟೆಗೆ ಸುಮಾರು ಅರ್ಧದಷ್ಟು ಇನ್ನೂ ಉಳಿದಿರುತ್ತದೆ. ಯಾಗರ್‌ಟೀ ಇನ್ನೂ ಮೋಸದ್ದು. ಚಹಾ, ಸಕ್ಕರೆ, ಬಿಸಿ ಮೂರೂ ಸೇರಿ ಒಳಗಿನ ರಮ್ಮನ್ನು ಮರೆಮಾಡುತ್ತವೆ. ಆ ದೇಶದ ರಮ್ಮಿನಲ್ಲಿ ಶೇ. 80ರಷ್ಟು ಮದ್ಯಸಾರವಿರುವ ಬಗೆಯೂ ಇದೆ. ಕುಡಿದರೆ ಮೈ ಬಿಸಿಯಾಯಿತು ಅನ್ನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ನಿಜಕ್ಕೂ ಒಡಲಿನ ಶಾಖ ಹೊರಗೆ ಸೋರಿಹೋಗುತ್ತಿರುತ್ತದೆ, ನಡುಕವೂ ತಡವಾಗಿ ಬರುತ್ತದೆ. ಕತ್ತಲಲ್ಲಿ ಬಿದ್ದು ಕಾಲು ಉಳುಕಿ ಅಲ್ಲೇ ಕೂತವನಿಗೆ ಇದು ಎಷ್ಟು ಕೆಟ್ಟದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಎಲ್ಲರೂ ಸರದಿಯಲ್ಲಿ ಮೇಜಿಗೆಲ್ಲ ತರಿಸುತ್ತಾರೆ, ಬೇಡ ಎನ್ನುವುದು ಹೇಗೆ ಎಂದಿದ್ದೀಯ. ನಿನ್ನ ಸರದಿಯ ಹಣ ನೀನು ಕೊಡು, ನಿನಗೆ ಸ್ಕೀವಾಸರ್ ಹೇಳು. ರಾಸ್ಪ್‌ಬೆರಿ ಸಿರಪ್ಪು, ನಿಂಬೆರಸ, ನೀರು, ಅಷ್ಟೇ. ಆ ಗುಡ್ಡಗಳದೇ ಪಾನೀಯ, ದೊಡ್ಡ ಗ್ಲಾಸಿನಲ್ಲಿ ಬರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಕುಡಿಯುವ ದಿನವಾದರೆ ಮೊದಲು ಅರ್ಧ ಲೀಟರ್ ನೀರು, ಆಮೇಲೆ ಊಟ. ಮಾಂಸದ ಗುಲಾಷ್ ಸೂಪು ನಿನಗೆ ಆಗದಿದ್ದರೆ ಕೈಸರ್‌ಶ್ಮಾರನ್ ತಿನ್ನು. ಮೊಟ್ಟೆ ಹಾಕಿದ ದಪ್ಪ ದೋಸೆಯನ್ನು ಹರಿದು ಪ್ಲಮ್ಮಿನ ಗೊಜ್ಜಿನ ಜೊತೆ ಕೊಡುತ್ತಾರೆ, ಇಬ್ಬರಿಗೆ ಸಾಕು. ಗ್ಲಾಸು ತಗುಲಿಸುವಾಗ ಎದುರಿನವರ ಕಣ್ಣು ನೋಡು, ಅದು ಅಲ್ಲಿಯ ಮರ್ಯಾದೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಹಗ್ಗ ಇಲ್ಲದ ಪಿಸ್ಟ್ ಎಂದೇ ಇಟ್ಟುಕೋ. ಮಧ್ಯಾಹ್ನದ ಬಿಸಿಲಿಗೆ ಕರಗಿ ಗೀರುಬಿದ್ದ ಹಿಮ ಸೂರ್ಯ ಮುಳುಗಿದೊಡನೆ ಹಾಗೇ ಗಟ್ಟಿಯಾಗಿ ಕಲ್ಲಾಗುತ್ತದೆ. ನೆರಳೂ ಇಲ್ಲದ ಆ ಬೂದು ಬೆಳಕಿನಲ್ಲಿ ಉಬ್ಬು ತಗ್ಗು ತಿಳಿಯುವುದಿಲ್ಲ. ಬಿಸಿಲಿಗೆ ಹಾಕುವ ಗಾಗಲ್ಸಿನ ಎಸ್3 ಗಾಜು ಒಳಗೆ ಬಿಡುವುದೇ ಶೇ. 8ರಿಂದ 18ರಷ್ಟು ಬೆಳಕನ್ನು. ಸಂಜೆಗೆ ಹೆಚ್ಚು ಬೆಳಕು ಬಿಡುವ ಎಸ್1 ಬೇಕು. ಗಾಗಲ್ಸನ್ನು ಹ್ಯೂಟೆಯೊಳಗೆ ಹಣೆಯ ಮೇಲೆ ಇಟ್ಟುಕೊಳ್ಳಬೇಡ, ಬೆವರಿನ ಆವಿ ಒಳಗಾಜಿಗೆ ಹಿಡಿದರೆ ಹೊರಗೆ ಬಂದಾಗ ಮಂಜುಗಟ್ಟುತ್ತದೆ.

ಗಡಿ ದಾಟಿ ಇಟಲಿಗೂ ಹೋಗುತ್ತೇವೆ ಎಂದಿದ್ದೀಯಲ್ಲ, ಅಲ್ಲಿ 2022ರಿಂದ ಕುಡಿದು ಸ್ಕೀ ಮಾಡುವುದು ಕಾನೂನಿಗೇ ವಿರುದ್ಧ. ಇತರರಿಗೆ ಆಗುವ ಹಾನಿಯ ಹೊಣೆ ಹೊರುವ ವಿಮೆಯೂ ಕಡ್ಡಾಯ. ನಿನ್ನ ವಿಮೆಯ ಕಾಗದದಲ್ಲಿ ಮದ್ಯದ ಬಗ್ಗೆ ಏನಿದೆ ಎಂದು ಒಮ್ಮೆ ಓದು, ಹಲವು ಪಾಲಿಸಿಗಳು ಕುಡಿದವನ ಅಪಘಾತಕ್ಕೆ ಕೈ ಚೆಲ್ಲುತ್ತವೆ.

ಸಣ್ಣಪುಟ್ಟವು ಇನ್ನು ಮೂರು. ಚೀಲದಲ್ಲಿ ಒಣ ಒಳಅಂಗಿ ಇರಲಿ, ಕೂರುವ ಮೊದಲೇ ಬದಲಿಸು, ಬೆವರಿದ ಬಟ್ಟೆಯಲ್ಲೇ ಹೆಚ್ಚು ಚಳಿ ಹಿಡಿಯುವುದು. ಸ್ಕೀಗಳ ಜೋಡಿ ಬಿಡಿಸಿ ಒಂದೊಂದನ್ನು ಬೇರೆ ಬೇರೆ ಕಡೆ ನಿಲ್ಲಿಸು, ಕದಿಯುವವನಿಗಿಂತ ತನ್ನದೆಂದು ತಪ್ಪಿ ಒಯ್ಯುವವರೇ ಹೆಚ್ಚು. ಬಕಲ್ ಬಿಚ್ಚಿದ ಬೂಟಿನಲ್ಲಿ ಮೆಟ್ಟಿಲಿಳಿಯಬೇಡ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ತಡೆದೆ. ಕತ್ತಲಲ್ಲಿ ಸ್ಕೀ ಹಾಕಿಕೊಂಡು ಹೊರಟವರನ್ನು ನಾನೂ ನೋಡಿದ್ದೇನೆ, ಬೇಡ ಎಂದು ಹೇಳದೆ ಸುಮ್ಮನಿದ್ದೆ. ಅವರಿಗೆ ಏನೂ ಆಗಲಿಲ್ಲ. ಆದರೂ ಆ ಮೌನ ಇಂದಿಗೂ ಚುಚ್ಚುತ್ತದೆ. ಅದಕ್ಕೇ ನಿನಗೆ ಇಷ್ಟುದ್ದ. ಹೊತ್ತು ಮೀರಿ ಮೇಲೆಯೇ ಉಳಿದುಬಿಟ್ಟರೆ ಹ್ಯೂಟೆಯವರಿಗೆ ನೇರವಾಗಿ ಹೇಳು. ಇಳಿಸಲು ಅವರಿಗೊಂದು ದಾರಿ ಗೊತ್ತಿರುತ್ತದೆ, ಇಲ್ಲವಾದರೆ ಬೆಳಗಿನವರೆಗೆ ಬೆಂಚಿನ ಮೇಲೆ ಮಲಗು. ನಡೆದು ಇಳಿಯುತ್ತೇನೆ ಎಂದೂ ಹೊರಡಬೇಡ, ಹಗ್ಗಕ್ಕೆ ಸ್ಕೀ ಹಾಕಿದವನೂ ನಡೆಯುವವನೂ ಒಂದೇ. ಜೊತೆಯವನು ಒಬ್ಬನೇ ಎದ್ದು ಹೊರಗೆ ಹೋದರೆ ಹಿಂದೆಯೇ ಹೋಗಿ ನೋಡು. ಆಸ್ಟ್ರಿಯಾದಲ್ಲಿ ಬೆಟ್ಟದ ರಕ್ಷಣೆಯವರ ನಂಬರು 140, ಯುರೋಪಿನಲ್ಲೆಲ್ಲ 112.

ಮುಂದಿನ ಕಾಗದದಲ್ಲಿ ಬೇರೇನೂ ಬರೆಯದಿದ್ದರೂ ಸರಿ, ನಿಮ್ಮ ಬೆಟ್ಟದಿಂದ ಇಳಿಯುವ ಕೊನೆಯ ಗೊಂಡೋಲಾ ಎಷ್ಟು ಗಂಟೆಗೆ ಎಂದು ಬರೆ.

ಇತಿ,
ನಿನ್ನ ದೊಡ್ಡಪ್ಪ