ಮಗಳಿಗೊಂದು ಪತ್ರ: ನಮ್ಮ ಘಾಟಿಯ ರಮಾಬಾಯಿ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅರ್ಧಂಬರ್ಧ ಉತ್ತರ ಕೊಟ್ಟೆ. ಇಲ್ಲಿ ಕುಕ್ಕರ್ ಕೂಗುತ್ತಿತ್ತು, ಅಲ್ಲಿ ನಿನಗೆ ಬಸ್ಸಿನ ಗಡಿಬಿಡಿ. ಪುಣೆಯ ನಿನ್ನ ಆಫೀಸಿನಲ್ಲಿ ಊಟದ ಹೊತ್ತಿಗೆ, ವಿಧವೆಯರಿಗೆ ಆಸರೆ ಕಟ್ಟಿಕೊಟ್ಟು ಕ್ರೈಸ್ತಳಾದ ಪಂಡಿತಾ ರಮಾಬಾಯಿ ವಿಷಯಕ್ಕೆ ಜಗಳವೇ ಆಯಿತಂತೆ. ಒಬ್ಬರು "ವಿದೇಶಿ ದುಡ್ಡಿಗೆ ಧರ್ಮ ಬಿಟ್ಟವಳು" ಅಂದರು, ಇನ್ನೊಬ್ಬರು "ದೇವತೆ" ಅಂದರು. "ಅಮ್ಮಾ, ಅವಳು ನಮ್ಮ ಕಡೆಯವಳಂತೆ, ನಿಜವಾ?" ಅಂತ ನಿನ್ನ ಪ್ರಶ್ನೆ. ನಿಜ. ಆದರೆ ಫೋನಿನಲ್ಲಿ ಹೇಳಿ ಮುಗಿಸುವ ಕತೆ ಅಲ್ಲ ಅದು.

ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವಾಗ ಘಾಟಿ ಹತ್ತುವ ಮೊದಲು ಮಾಳ ಸಿಗುತ್ತದಲ್ಲ, ರಮಾಬಾಯಿಯ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ ಆ ಮಾಳದವರು. ಚಿತ್ಪಾವನ ಬ್ರಾಹ್ಮಣರು. ಓದಲಿಕ್ಕೆಂದು ಪುಣೆಗೆ ಹೋದರು. ಅಲ್ಲಿ ಅವರ ಗುರುಗಳು ಪೇಶ್ವೆ ಬಾಜಿರಾಯನ ಹೆಂಡತಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಒಬ್ಬ ಹೆಂಗಸು ಸಲೀಸಾಗಿ ಸಂಸ್ಕೃತ ಶ್ಲೋಕ ಹೇಳುವುದನ್ನು ಕೇಳಿ ಈ ಹುಡುಗನಿಗೆ ಆಶ್ಚರ್ಯವೋ ಆಶ್ಚರ್ಯ. ನನ್ನ ಹೆಂಡತಿಗೂ ಕಲಿಸಬೇಕು ಅಂತ ತಲೆಗೆ ಹತ್ತಿಬಿಟ್ಟಿತು. ಮೊದಲ ಹೆಂಡತಿಯ ವಿಷಯದಲ್ಲಿ ಅದು ನಡೆಯಲಿಲ್ಲ. ಆಕೆ ತೀರಿಹೋದ ಮೇಲೆ, ನಲವತ್ತು ದಾಟಿದ ಈ ಶಾಸ್ತ್ರಿಗಳು ಗೋದಾವರಿಯಲ್ಲಿ ಸ್ನಾನ ಮಾಡುತ್ತಿದ್ದಾಗ ಯಾತ್ರೆಗೆ ಬಂದಿದ್ದ ಒಬ್ಬ ಬ್ರಾಹ್ಮಣ ನೋಡಿದ. ಕುಲಗೋತ್ರ ವಿಚಾರಿಸಿದ. ಮರುದಿನವೇ ತನ್ನ ಒಂಬತ್ತು ವರ್ಷದ ಮಗಳನ್ನು ಧಾರೆ ಎರೆದುಕೊಟ್ಟು ಮುಂದಿನ ಊರಿಗೆ ಹೊರಟೇಹೋದ.

ಒಂಬತ್ತು ವರ್ಷ, ಮಾರಾಯ್ತಿ! ಓದುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮುಂದೆ ಬಾಲ್ಯವಿವಾಹದ ವಿರುದ್ಧ ಅಮೆರಿಕದವರೆಗೂ ಹೋಗಿ ಮಾತಾಡಿದ ಹೆಂಗಸಿನ ಅಮ್ಮ ಈ ಹುಡುಗಿ. ಲಕ್ಷ್ಮೀಬಾಯಿ ಅಂತ ಹೆಸರು. ಅವಳು ಒಳ್ಳೆಯವರ ಕೈಗೆ ಸಿಕ್ಕಿದ್ದು ಅವಳ ಅದೃಷ್ಟ ಅಂತ ರಮಾಬಾಯಿಯೇ ಬರೆದಿದ್ದಾಳೆ. ನೋಡು, ಹೊಗಳಿಕೆಯೂ ಉಂಟು, ಸಿಟ್ಟೂ ಉಂಟು ಆ ಮಾತಿನಲ್ಲಿ.

ಹೆಂಡತಿಗೆ ಪಾಠ ಶುರುವಾಯಿತು. ಊರಿನವರು ಸುಮ್ಮನಿರುತ್ತಾರಾ? ವಿಷಯ ಉಡುಪಿಯ ಪಂಡಿತರವರೆಗೆ ಹೋಯಿತು. ಶಾಸ್ತ್ರಿಗಳು ಹೋಗಿ ಗ್ರಂಥಗಳನ್ನೇ ಮುಂದಿಟ್ಟು ವಾದ ಮಾಡಿದರು. ವೇದ ಬಿಟ್ಟು ಉಳಿದದ್ದನ್ನು ಹೆಂಗಸರಿಗೆ ಕಲಿಸಬಾರದು ಅಂತ ಎಲ್ಲಿ ಬರೆದಿದೆ, ತೋರಿಸಿ ಅಂದರು. ಗಮನಿಸು, ವೇದದ ತಂಟೆಗೆ ಅವರೂ ಹೋಗಲಿಲ್ಲ. ಆ ಗೆರೆ ದಾಟಲು ಮಗಳೇ ಬರಬೇಕಾಯಿತು.

ವಾದದಲ್ಲಿ ಸೋಲದಿದ್ದರೂ ಊರಿನಲ್ಲಿ ಬದುಕುವುದು ಬೇಡ ಅನ್ನಿಸಿರಬೇಕು. ಹೆಂಡತಿಯನ್ನು ಕರೆದುಕೊಂಡು ಘಾಟಿ ಹತ್ತಿ ಗಂಗಾಮೂಲದ ಕಾಡಿಗೆ ಹೋದರು. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಜಾಗ. ಈಗಲೂ ಅಲ್ಲಿ ಸಂಜೆಗೆ ಮೋಡ ಇಳಿದರೆ ಎದುರಿಗಿದ್ದವರ ಮುಖ ಕಾಣುವುದಿಲ್ಲ. ಮೊದಲ ರಾತ್ರಿ ತಲೆ ಮೇಲೆ ಸೂರೂ ಇಲ್ಲ. ಕಣಿವೆಯ ಆಚೆ ದಂಡೆಯಲ್ಲಿ ಹುಲಿ ಕೂಗುತ್ತಿತ್ತು. ಆ ಹುಡುಗಿ ಕೌದಿಯನ್ನು ಮೈಗೆಲ್ಲ ಬಿಗಿಯಾಗಿ ಸುತ್ತಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿತ್ತು. ಗಂಡ ಬೆಳಗಾಗುವ ತನಕ ಕಾವಲು ಕೂತ. ಆಮೇಲೆ ಅಲ್ಲೇ ಮನೆ ಎದ್ದಿತು, ಪಾಠ ಕೇಳಲು ವಿದ್ಯಾರ್ಥಿಗಳು ಬಂದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿಯೇ.

ಬಂದವರಿಗೆಲ್ಲ ಊಟ ಹಾಕಿ ಹಾಕಿ ಸಾಲವಾಯಿತು. ಮಗುವಿಗೆ ಆರು ತಿಂಗಳಾಗುವಾಗ ಮನೆ ಬಿಟ್ಟು ತೀರ್ಥಯಾತ್ರೆ ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬ ತಲೆ ಮೇಲೆ ಹೊತ್ತು ಘಾಟಿ ಇಳಿದ. ಆಮೇಲೆ ವರ್ಷಗಟ್ಟಲೆ ಅಲೆದಾಟ. ದೇವಸ್ಥಾನದ ಜಗಲಿಯಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಅಪ್ಪನಿಗೆ ವಯಸ್ಸಾಗಿತ್ತು, ಹಾಗಾಗಿ ಪಾಠ ಹೇಳಿದ್ದು ಅಮ್ಮ. ಮನೆಗೆಲಸ ಶುರುವಾಗುವ ಮೊದಲು, ಇನ್ನೂ ಹಕ್ಕಿ ಕೂಗುವ ಹೊತ್ತಿಗೆ, ನಿದ್ದೆಗಣ್ಣಿನ ಮಗುವನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡು ಮುದ್ದು ಮಾಡುತ್ತಾ ಶ್ಲೋಕ ಹೇಳಿಸುತ್ತಿದ್ದಳಂತೆ. ಹೀಗೇ 18,000 ಶ್ಲೋಕದ ಭಾಗವತ ಬಾಯಿಪಾಠ ಆಯಿತು. ನಿನ್ನನ್ನು ಮಗ್ಗಿ ಹೇಳಲು ಎಬ್ಬಿಸುವಾಗ ನೀನು ಹೊದಿಕೆ ಎಳೆದುಕೊಳ್ಳುತ್ತಿದ್ದದ್ದು ನೆನಪಾಗಿ ನಗು ಬಂತು.

1874ರಿಂದ ಬರ. ಕುಟುಂಬ ಮಾಡದ ವ್ರತ ಇಲ್ಲ, ಮುಳುಗದ ತೀರ್ಥ ಇಲ್ಲ. ಇದ್ದದ್ದನ್ನೆಲ್ಲ ದಾನ ಮಾಡಿಯಾಗಿತ್ತು. ಕೂಲಿ ಮಾಡಿ ಗೊತ್ತಿಲ್ಲ, ಭಿಕ್ಷೆ ಬೇಡಲು ಜಾತಿಯ ಮರ್ಯಾದೆ ಅಡ್ಡ. ಅಪ್ಪ ಹೋದರು, ಅಮ್ಮ ಹೋದಳು, ಅಕ್ಕನೂ ಹೋದಳು. ಅಮ್ಮನ ಹೆಣ ಎತ್ತಲು ಜನ ಬರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಹೆಗಲು ಕೊಟ್ಟರು. ಮೂರನೆಯವ ಅಣ್ಣ ಶ್ರೀನಿವಾಸ, ನಾಲ್ಕನೆಯವಳು ರಮಾ. ಅವಳು ಕುಳ್ಳಿ. ಹೆಗಲ ಮೇಲಿಟ್ಟರೆ ಚಟ್ಟ ವಾಲುತ್ತದೆ ಅಂತ ತಲೆಯ ಮೇಲೆ ಹೊತ್ತುಕೊಂಡು ಸ್ಮಶಾನದವರೆಗೆ ನಡೆದಳು.

ಈ ಹುಡುಗಿಗೆ ದೇವರ ವಿಷಯದಲ್ಲಿ ಏನು ಅನ್ನಿಸಬೇಕು, ಏನು ಅನ್ನಿಸಬಾರದು ಅಂತ ಊಟದ ಮೇಜಿನಲ್ಲಿ ಕೂತು ನಾವು ತೀರ್ಮಾನ ಮಾಡುವುದು ಕಷ್ಟ.

ಅಣ್ಣ ತಂಗಿ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿನ ಪಂಡಿತರು ಪರೀಕ್ಷೆ ಮಾಡಿ "ಪಂಡಿತಾ", "ಸರಸ್ವತಿ" ಅಂತ ಬಿರುದು ಕೊಟ್ಟರು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿ ಕೈಗಿತ್ತು ಓದು ಅಂದರು. ಮೊದಲು ಅವಳಿಗೇ ಹೆದರಿಕೆ. ಹೆಂಗಸರಿಗೆ ಧರ್ಮ ಹೇಳಿಕೊಡಲೆಂದು ಧರ್ಮಶಾಸ್ತ್ರಗಳನ್ನು ಓದತೊಡಗಿದಳು. ಆಗ ಕಂಡದ್ದನ್ನು ಮುಂದೆ ಬರೆದಿದ್ದಾಳೆ: ಈ ಪುಸ್ತಕಗಳು ಒಂದಕ್ಕೊಂದು ಹೊಂದುವುದೇ ಇಲ್ಲ, ಆದರೆ ಹೆಂಗಸರು ಕೆಟ್ಟವರು ಅನ್ನುವುದರಲ್ಲಿ, ಗಂಡಸರಿಗೆ ಸಿಗುವ ಮೋಕ್ಷ ಅವರಿಗಿಲ್ಲ ಅನ್ನುವುದರಲ್ಲಿ ಎಲ್ಲವೂ ಒಂದೇ ಮಾತು. ಓದದೆ ಬಿಟ್ಟವಳಲ್ಲ, ಓದಿ ಬಿಟ್ಟವಳು. ನಿನ್ನ ಸಹೋದ್ಯೋಗಿಗೆ ಇದನ್ನು ಹೇಳು.

ಅಣ್ಣನೂ ತೀರಿಹೋದ. 1880ರಲ್ಲಿ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದಳು. ಬೇರೆ ಜಾತಿ, ಬೇರೆ ಭಾಷೆ, ರಿಜಿಸ್ಟರ್ ಮದುವೆ. ಮಗಳು ಮನೋರಮಾ ಹುಟ್ಟಿ ಒಂದು ವರ್ಷವೂ ತುಂಬಿರಲಿಲ್ಲ, ಗಂಡ ಕಾಲರಾಕ್ಕೆ ಬಲಿಯಾದರು. 1882ರಲ್ಲಿ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದಳು, ಆರ್ಯ ಮಹಿಳಾ ಸಮಾಜ ಕಟ್ಟಿದಳು. ಅದೇ ವರ್ಷ ಸರ್ಕಾರ ಶಿಕ್ಷಣದ ವಿಚಾರಣೆಗೆ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಸಾಕ್ಷಿ ಹೇಳುವಾಗ, ಈ ದೇಶದ ಓದಿದ ಗಂಡಸರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಹೆಣ್ಣುಮಕ್ಕಳ ಓದಿಗೆ ವಿರೋಧಿಗಳು, ಹೆಂಗಸಿನ ಸಾಸಿವೆಯಷ್ಟು ತಪ್ಪನ್ನು ಬೆಟ್ಟ ಮಾಡುತ್ತಾರೆ ಅಂದಳು. ಹೆಂಗಸರಿಗೆ ಹೆಂಗಸರೇ ಡಾಕ್ಟರಾಗಬೇಕು ಅಂತಲೂ ಕೇಳಿದಳು. ತಾನೇ ಡಾಕ್ಟರಾಗಬೇಕು ಅಂತ ಪುಸ್ತಕ ಬರೆದ ದುಡ್ಡಿನಲ್ಲಿ ಇಂಗ್ಲೆಂಡಿಗೆ ಹೋದಳು. ಕಿವಿ ಮಂದವಾದ್ದರಿಂದ ಅದು ಆಗಲಿಲ್ಲ. 1883ರ ಸೆಪ್ಟೆಂಬರಿನಲ್ಲಿ ವಾಂಟೇಜ್ ಎಂಬ ಊರಿನ ಸನ್ಯಾಸಿನಿಯರ ಮಠದಲ್ಲಿದ್ದಾಗ ತಾಯಿ ಮಗಳಿಬ್ಬರೂ ಕ್ರೈಸ್ತರಾದರು.

ನಿಮ್ಮ ಜಗಳ ಸಾಮಾನ್ಯವಾಗಿ ಇಲ್ಲಿಗೆ ಬಂದು ನಿಲ್ಲುತ್ತದೆ, ಅಲ್ವಾ? ನನಗೆ ಕತೆ ಜಾಸ್ತಿ ಹಿಡಿಸುವುದು ಇಲ್ಲಿಂದಾಚೆ.

ಉಳಿದುಕೊಂಡದ್ದು ಆ ಸನ್ಯಾಸಿನಿಯರ ಮನೆಯಲ್ಲಿ, ಓದು ಅವರ ನೆರವಿನಲ್ಲಿ. ಆದರೂ ಅವರ ಜೊತೆ ವರ್ಷಗಟ್ಟಲೆ ಕಾಗದದಲ್ಲಿ ಜಗಳ ಆಡಿದಳು. ಮಾಂಸ ತಿನ್ನಲಿಲ್ಲ. ಇದು ಜಾತಿಯ ಹಳೇ ಜಂಬ ಅಂತ ಅವರಿಗೆ ಬೇಸರ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿತ್ವದ ತತ್ವ ನನಗೆ ಅರ್ಥವಾಗದ ಹೊರತು ಒಪ್ಪುವುದಿಲ್ಲ ಅಂದಳು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ ಬರೆಯಬೇಕು, ನಮ್ಮವರಿಗೆ ತಿಳಿಯುವ ಭಾಷೆ ಯಾಕೆ ಬೇಡ ಅಂತ ಕೇಳಿದಳು. ಗಂಡು ವಿದ್ಯಾರ್ಥಿಗಳಿಗೆ ಅವಳು ಪಾಠ ಮಾಡುವ ಮಾತು ಬಂದಾಗ ಬಿಷಪ್ಪರು ಕೂಡದು ಅಂದರು. ಭಾರತದಲ್ಲಿ ಅವಳ ಮರ್ಯಾದೆ ಏನಾದೀತು ಅಂತ! ನನ್ನ ಅಪ್ಪ, ನನ್ನ ಗಂಡ ಯಾರೂ ಬೇಡ ಅನ್ನದ್ದನ್ನು ನೀವು ಬೇಡ ಅನ್ನುತ್ತೀರಲ್ಲ ಅಂತ ಅವಳಿಗೆ ಆಶ್ಚರ್ಯ. ಉಡುಪಿಯ ಪಂಚಾಯ್ತಿಕೆಯನ್ನೇ ಕೋಟು ಹಾಕಿಸಿ ಇಂಗ್ಲೆಂಡಿನಲ್ಲಿ ಕೂರಿಸಿದ ಹಾಗೆ ಕಂಡಿರಬೇಕು. 1885ರಲ್ಲಿ ಆ ಮಠದ ಸಿಸ್ಟರ್ ಜೆರಾಲ್ಡಿನ್‌ಗೆ ಬರೆದಳು: ನನಗೂ ಅಂತಃಸಾಕ್ಷಿ ಇದೆ, ನನ್ನದೇ ಬುದ್ಧಿ ಇದೆ. ಭಾರತದ ಪುರೋಹಿತರ ನೊಗವನ್ನು ಬಹಳ ಕಷ್ಟಪಟ್ಟು ಈಗಷ್ಟೇ ಕಳಚಿದ್ದೇನೆ, ಅಂಥದ್ದೇ ಇನ್ನೊಂದಕ್ಕೆ ಕುತ್ತಿಗೆ ಕೊಡಲಾರೆ.

ದುಡ್ಡಿಗೆ ಹೋದವರು ದುಡ್ಡು ಕೊಟ್ಟವರಿಗೆ ಹೀಗೆ ಬರೆಯುವುದಿಲ್ಲ, ಮಗಳೇ. ಸುಮ್ನೆ ತಲೆ ಆಡಿಸಿಕೊಂಡು ಇರುತ್ತಾರೆ.

ಆಮೇಲೆ ಅಮೆರಿಕ. ಡಾಕ್ಟರ್ ಆನಂದಿಬಾಯಿ ಜೋಶಿಯ ಪದವಿ ಪ್ರದಾನ ನೋಡಲು 1886ರಲ್ಲಿ ಫಿಲಡೆಲ್ಫಿಯಾಕ್ಕೆ ಹೋದವಳು ಊರೂರು ತಿರುಗಿ ಭಾಷಣ ಮಾಡಿದಳು. ಮೇಲ್ಜಾತಿ ಹಿಂದೂ ಹೆಂಗಸರ ಪಾಡಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ಅಮ್ಮನಿಗೆ ಅರ್ಪಿಸಿದಳು. ಬೋಸ್ಟನ್ನಿನಲ್ಲಿ ಒಂದು ಸಂಘ ಹುಟ್ಟಿ ಹತ್ತು ವರ್ಷ ದುಡ್ಡು ಕೊಡುವುದಾಗಿ ಒಪ್ಪಿತು. 1889ರ ಮಾರ್ಚಿನಲ್ಲಿ ಮುಂಬೈಯಲ್ಲಿ ಶಾರದಾ ಸದನ ತೆರೆಯಿತು. ವಿಧವೆಯರಿಗೆ ಊಟ, ವಸತಿ, ಓದು. ಮರುವರ್ಷ ಅದನ್ನು ಪುಣೆಗೆ ತಂದಳು. ಶುರುವಿನ ಹುಡುಗಿಯರಲ್ಲಿ ಒಬ್ಬಳು ಬಾಲವಿಧವೆ ಗೋದುಬಾಯಿ. 1893ರಲ್ಲಿ ಧೋಂಡೋ ಕೇಶವ ಕರ್ವೆ ಮರುಮದುವೆಯಾದದ್ದು ಅವಳನ್ನೇ. ಮುಂದೆ ಹೆಂಗಸರ ವಿಶ್ವವಿದ್ಯಾಲಯ ಕಟ್ಟಿದ ಅದೇ ಕರ್ವೆ.

ಅದೇ 1893ರಲ್ಲಿ ದೊಡ್ಡ ಗಲಾಟೆ ಆಯಿತು. ಸದನದಲ್ಲಿ ಧರ್ಮದ ವಿಷಯಕ್ಕೆ ಕೈ ಹಾಕುವುದಿಲ್ಲ, ಹುಡುಗಿಯರು ತಮ್ಮ ತಮ್ಮ ಆಚಾರದಂತೆ ಇರಬಹುದು ಅಂತ ಮಾತಾಗಿತ್ತು. ರಮಾಬಾಯಿ ಬೆಳಿಗ್ಗೆ ತನ್ನ ಕೋಣೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಳು. ಬಾಗಿಲು ತೆರೆದೇ ಇರುತ್ತಿತ್ತು. ಹುಡುಗಿಯರು ಬಂದು ಕೂರತೊಡಗಿದರು. ತಿಲಕರ "ಕೇಸರಿ" ಹರಿಹಾಯಿತು. ಸಲಹೆಗಾರರಾಗಿದ್ದ ರಾನಡೆ, ಭಂಡಾರ್ಕರ್ ಕೈಬಿಟ್ಟರು. ಮನೆಯವರು ಬಂದು ಎಷ್ಟೋ ಹುಡುಗಿಯರನ್ನು ಕರೆದುಕೊಂಡು ಹೋದರು. ನನ್ನ ಮನೆಯಲ್ಲಿ ನನ್ನ ಪ್ರಾರ್ಥನೆಗೆ ನಾನು ಬಾಗಿಲು ಹಾಕುವುದಿಲ್ಲ ಅಂತ ಇವಳ ಹಟ.

ಈ ಬಾಗಿಲಿನ ವಿಷಯದಲ್ಲಿ ನಾನೂ ಅಪ್ಪನೂ ಒಂದು ಭಾನುವಾರ ಪೂರ್ತಿ ವಾದ ಮಾಡಿದ್ದೇವೆ. ಅದನ್ನು ಆಮೇಲೆ ಹೇಳುತ್ತೇನೆ.

1896ರಿಂದ ಮತ್ತೆ ಬರ. ತನ್ನವರನ್ನೆಲ್ಲ ಬರದಲ್ಲಿ ಕಳೆದುಕೊಂಡವಳು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದಳು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧ. ದೌಂಡಿಗೆ ಹೋಗುವ ರೈಲು ದಾರಿಯ ಕೆಡಗಾಂವ್‌ನಲ್ಲಿ ಮೊದಲೇ ಕೊಂಡಿದ್ದ ಜಮೀನಿಗೆ ಎಲ್ಲರನ್ನೂ ಸಾಗಿಸಿದಳು. ಅದೇ ಮುಕ್ತಿ ಮಿಷನ್. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ ಸುಮಾರು 2,000 ಜನ. ಬಾವಿ ತೋಡಿದರು, ಮಗ್ಗ ಹಾಕಿದರು, ಗಾಣ ಇಟ್ಟರು. ಕುರುಡು ಹೆಂಗಸರಿಗೆ ಬ್ರೈಲ್ ಕಲಿಸಿದರು. ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಹೊಲಿಯುವವರೆಗೆ ಮುದ್ರಣದ ಕೆಲಸವೆಲ್ಲ ಹೆಂಗಸರದ್ದೇ. ಹಳ್ಳಿ ಹೆಂಗಸಿಗೂ ತಿಳಿಯುವ ಮರಾಠಿಯಲ್ಲಿ ಬೈಬಲ್ ಬೇಕು ಅಂತ ಇಳಿವಯಸ್ಸಿಗೆ ಹತ್ತಿರವಾಗುವಾಗ ಹೀಬ್ರೂ, ಗ್ರೀಕ್ ಕಲಿತು ತಾನೇ ಅನುವಾದ ಮಾಡಿದಳು. ಪ್ಲೇಗ್ ಆಸ್ಪತ್ರೆಗಳಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿಗೆ ಸರ್ಕಾರವನ್ನೂ ಪತ್ರಿಕೆಯಲ್ಲಿ ಬೈದಳು. ಬ್ರಿಟಿಷರು ಕ್ರೈಸ್ತರು, ತನ್ನವರು ಅಂತ ಬಿಡಲಿಲ್ಲ.

ಇಷ್ಟೆಲ್ಲ ಹೇಳಿದರೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಅದು ಮನೋರಮಾ. ದೀಕ್ಷೆಯಾದಾಗ ಆ ಮಗುವಿಗೆ ಎರಡೂವರೆ ವರ್ಷ. ವಾಂಟೇಜಿನವರು ಅದಕ್ಕೆ ತಮ್ಮ ರೀತಿಯ ಧರ್ಮ ಕಲಿಸಲು ಹೋದರೆ, ನಾನು ನಂಬದ್ದನ್ನು ನನ್ನ ಮಗಳಿಗೆ ಕಲಿಸಬೇಡಿ ಅಂತ ಅಮ್ಮನ ಜಗಳ. ತನ್ನ ಬುದ್ಧಿಯ ಮೇಲೆ ಯಾರಿಗೂ ಹಕ್ಕು ಕೊಡದವಳು ಮಗಳ ಪಾಲಿನದನ್ನು ತಾನೇ ತೀರ್ಮಾನಿಸಿದಳು. ಮನೋರಮಾ ಓದಿ ಪದವಿ ಪಡೆದಳು, ಮದುವೆಯಾಗಲಿಲ್ಲ, ಅಮ್ಮನ ಕೆಲಸಕ್ಕೇ ನಿಂತಳು. ನಮ್ಮ ಗುಲ್ಬರ್ಗದಲ್ಲಿ ಶಾಲೆ ಶುರುಮಾಡುವುದರಲ್ಲಿ ಅವಳ ಕೈ ಇತ್ತು. 1921ರಲ್ಲಿ, ನಲವತ್ತಕ್ಕೇ ತೀರಿಹೋದಳು. ಮರುವರ್ಷ ಏಪ್ರಿಲ್ 5ಕ್ಕೆ ರಮಾಬಾಯಿ. ಅಮ್ಮನ ದಾರಿ ಮಗಳಿಗೆ ನಿಜಕ್ಕೂ ಇಷ್ಟವಿತ್ತೋ, ಬೇರೆ ದಾರಿ ಕಾಣಲೇ ಇಲ್ಲವೋ? ನಿನ್ನನ್ನೂ ಕೇಳಿ ನಾವು ಹೆಸರಿಟ್ಟಿಲ್ಲ, ಕೇಳಿ ದೇವರಿಗೆ ಕೈಮುಗಿಸಿಲ್ಲ, ಬಿಡು. ಆದ್ದರಿಂದ ಆಕೆಗೆ ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಇನ್ನು ಆ ಬಾಗಿಲು. ಅಪ್ಪ ಪೂರ್ತಿ ರಮಾಬಾಯಿ ಕಡೆ. ಯಾರನ್ನೂ ಕರೆಯಲಿಲ್ಲ, ಬಂದವರನ್ನು ಓಡಿಸಲಿಲ್ಲ, ಅಷ್ಟೇ ಅನ್ನುತ್ತಾರೆ. ನಾನು ಸ್ವಲ್ಪ ರಾನಡೆ ಕಡೆ ವಾಲುತ್ತೇನೆ. ತಲೆ ಬೋಳಿಸಿ ಮೂಲೆಗೆ ತಳ್ಳಿದ ಹುಡುಗಿಗೆ ಮೊದಲ ಬಾರಿ ಪ್ರೀತಿಯಿಂದ ಅನ್ನ ಹಾಕಿದವಳು ಪ್ರಾರ್ಥನೆಗೆ ಕೂತರೆ, ಆ ಹುಡುಗಿ ಪಕ್ಕದಲ್ಲಿ ಕೂರದೆ ಇರುತ್ತಾಳಾ? ಅದನ್ನು ಅವಳ ಸ್ವಂತ ತೀರ್ಮಾನ ಅನ್ನಬಹುದಾ? ಅದಕ್ಕೆ ಅಪ್ಪ, ಹಾಗಾದರೆ ಅವಳನ್ನು ಮೂಲೆಗೆ ತಳ್ಳಿದವರು ಯಾರು, ಆಗ ಈ ಪ್ರಶ್ನೆ ಯಾಕೆ ಬರಲಿಲ್ಲ ಅಂತ ಕೇಳಿದರು. ಅಲ್ಲಿಗೆ ಕಾಫಿ ತಣ್ಣಗಾಯಿತು, ವಾದ ಮುಗಿಯಲಿಲ್ಲ.

ಕೆಡಗಾಂವ್ ನಿನಗೆ ಹತ್ತಿರ. ಮಿಷನ್ ಈಗಲೂ ನಡೆಯುತ್ತಿದೆ. ರಜೆಯಲ್ಲಿ ಒಮ್ಮೆ ಹೋಗಿ ನೋಡಿ ಬಾ. ಬಂದ ಮೇಲೆ ನೀನು ಯಾರ ಕಡೆ ಅಂತ ಬರೆ. ಅಪ್ಪನಿಗೆ ಹೆದರಬೇಡ, ನನಗೂ ಹೆದರಬೇಡ.

ಇಂತಿ,
ನಿನ್ನ ಅಮ್ಮ