ಸ್ಕ್ಯಾನ್ ನಾರ್ಮಲ್ ಅಂದ ಮೇಲೆ

ಸಾಗರ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ, ದೊಡ್ಡಮ್ಮನ ಆಶೀರ್ವಾದ.

ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತಿದ್ದು ಕೇಳಿ ನನಗೆ ನಿದ್ದೆ ಬರಲಿಲ್ಲ. "ಸ್ಕ್ಯಾನ್ ನಾರ್ಮಲ್ ಅಂತೆ ದೊಡ್ಡಮ್ಮಾ, ಏನೂ ಇಲ್ವಂತೆ" ಅಂದೆ. ಬೇರೆಯವರಾದರೆ ಅದನ್ನು ಕೇಳಿ ಖುಷಿಪಡುತ್ತಿದ್ದರು. ಆದರೆ ಎಂಟು ತಿಂಗಳಿಂದ ಕಿಬ್ಬೊಟ್ಟೆ ಹಿಡಿದುಕೊಂಡು ಆಫೀಸಿಗೆ ಹೋಗುತ್ತಿರುವವಳಿಗೆ ಏನೂ ಇಲ್ಲ ಅಂದರೆ, ಇಷ್ಟು ದಿನ ನೀನು ನಾಟಕ ಮಾಡಿದೆ ಅಂದ ಹಾಗೆ ಕೇಳಿಸುತ್ತದೆ. ನನಗೂ ಹಾಗೇ ಕೇಳಿಸಿತ್ತು, ಬಹಳ ಹಿಂದೆ. ಅದನ್ನೂ ಹೇಳುತ್ತೇನೆ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಸ್ಕ್ಯಾನ್ ನಾರ್ಮಲ್ ಅಂದರೆ ಆ ಸ್ಕ್ಯಾನಿಗೆ ಕಾಣುವಂಥದ್ದು ಇಲ್ಲ, ಅಷ್ಟೇ. ನಿನಗೆ ಮಾಡಿದ್ದು ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನ್. ಲೀಟರುಗಟ್ಟಲೆ ನೀರು ಕುಡಿಸಿ, ಜೆಲ್ಲಿ ಹಚ್ಚಿ, ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ದೊಡ್ಡ ಗೆಡ್ಡೆ, ಅಂಡಾಶಯದಲ್ಲಿ ನೀರುಗುಳ್ಳೆ ಇದ್ದರೆ ಅದಕ್ಕೆ ಕಾಣುತ್ತದೆ. ಎಂಡೊಮೆಟ್ರಿಯೋಸಿಸ್ ಇದ್ದು, ಸಾಸಿವೆ ಕಾಳಿನಷ್ಟು ಸಣ್ಣ ಕಲೆಗಳಾಗಿ ಹೊಟ್ಟೆಯ ಒಳಪೊರೆಗೆ ಅಂಟಿಕೊಂಡಿದ್ದರೆ ಕಾಣುವುದಿಲ್ಲ. ಗರ್ಭಕೋಶದ ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ ಅದು. ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೂ ಹೆಸರು ಗೊತ್ತಾಗಲು ನಾಲ್ಕರಿಂದ ಹನ್ನೆರಡು ವರ್ಷ ಹಿಡಿಯುತ್ತದಂತೆ. ಅಷ್ಟೂ ವರ್ಷ ಹೆಣ್ಣುಮಕ್ಕಳು "ಮುಟ್ಟಿನ ನೋವು ಎಲ್ಲರಿಗೂ ಇರುತ್ತೆ" ಅನ್ನುವ ಮಾತು ಕೇಳಿಕೊಂಡು ಮಾತ್ರೆ ನುಂಗುತ್ತಾರೆ.

ಒಳಗಿನಿಂದ, ಅಂದರೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಇದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ನಿನ್ನನ್ನು "ಮದುವೆ ಆಗಿದೆಯಾ?" ಅಂತ ಕೇಳಿ, ಇಲ್ಲ ಅಂದ ತಕ್ಷಣ ಆ ಮಾತನ್ನೇ ಬಿಟ್ಟರು ಅಂದೆಯಲ್ಲ, ನಮ್ಮಲ್ಲಿ ಹಾಗೇ. ಮಾಡಿಸಿಕೊಳ್ಳುವುದು ಬಿಡುವುದು ನಿನ್ನ ಇಷ್ಟ. ನಿಮ್ಮಮ್ಮನದ್ದಲ್ಲ, ರಿಸೆಪ್ಷನ್ನಿನಲ್ಲಿ ಕೂತ ಹುಡುಗಿಯದ್ದೂ ಅಲ್ಲ. ಬೇಡ ಅನ್ನಿಸಿದರೆ ಎಂಆರ್‌ಐ ಇದೆ, ಗುದದ್ವಾರದ ಮೂಲಕ ಮಾಡುವ ಸ್ಕ್ಯಾನ್ ಇದೆ. ಅವೂ ನಾರ್ಮಲ್ ಬಂದರೂ ಕಾಯಿಲೆ ಇಲ್ಲ ಅಂತ ಖಾತ್ರಿ ಇಲ್ಲ.

ಹಾಗಂತ ಸಿಕ್ಕ ಟೆಸ್ಟೆಲ್ಲ ಮಾಡಿಸಬೇಡ. ಡಾಕ್ಟರು ಏನೇ ಬರೆದುಕೊಟ್ಟರೂ ಒಂದು ಪ್ರಶ್ನೆ ಕೇಳು: "ಇದರಲ್ಲಿ ಏನಾದರೂ ಬಂದರೆ ಏನು ಮಾಡುತ್ತೀರಿ, ಬರದಿದ್ದರೆ ಏನು ಮಾಡುತ್ತೀರಿ?" ಎರಡಕ್ಕೂ ಉತ್ತರ ಒಂದೇ ಆದರೆ ಆ ಟೆಸ್ಟಿಗೆ ಯಾಕೆ ದುಡ್ಡು ಕೊಡಬೇಕು? ನೀನು ಕಳಿಸಿದ ಲ್ಯಾಬಿನ ಪ್ಯಾಕೇಜು ನೋಡಿದೆ. ಅದರಲ್ಲಿ ಸಿಎ-125 ಅಂತ ಒಂದು ರಕ್ತಪರೀಕ್ಷೆ ಇದೆ, ಅಂಡಾಶಯದ ಕ್ಯಾನ್ಸರಿನ ಅನುಮಾನ ಬಂದಾಗ ಮಾಡಿಸುವಂಥದ್ದು. ಮುಟ್ಟಿನ ಸಮಯದಲ್ಲೂ ಅದು ಏರುತ್ತದೆ, ಎಂಡೊಮೆಟ್ರಿಯೋಸಿಸ್ಸಿನಲ್ಲೂ ಏರುತ್ತದೆ, ಸೋಂಕಿನಲ್ಲೂ ಏರುತ್ತದೆ. ನಿನ್ನ ವಯಸ್ಸಿನಲ್ಲಿ ಸುಮ್ನೆ ಮಾಡಿಸಿದರೆ ಕ್ಯಾನ್ಸರ್ ಅಂತ ಎರಡು ವಾರ ನಿದ್ದೆಗೆಡುವುದೊಂದೇ ಲಾಭ.

ಈಗ ನನ್ನ ಕತೆ. ನಿನಗೆ ಅರ್ಧ ಗೊತ್ತು.

1988ರಲ್ಲಿ ನಿನ್ನ ಅಣ್ಣ ಸಿಸೇರಿಯನ್ ಆಗಿ ಹುಟ್ಟಿದ. ವರ್ಷ ತುಂಬುವ ಹೊತ್ತಿಗೆ ಎಡಗಡೆ ಕಿಬ್ಬೊಟ್ಟೆಯಲ್ಲಿ ನೋವು ಶುರುವಾಯಿತು. ಬಗ್ಗಿ ಕೊಡ ಎತ್ತಿದರೆ ಚಾಕು ತಿವಿದ ಹಾಗೆ. ನಾನು ಹೆಂಗಸರ ವಾರ್ಡಿನಲ್ಲೇ ಸ್ಟಾಫ್ ನರ್ಸ್, ಆದರೂ ಯಾರಿಗೂ ಹೇಳದೆ ಐದು ವರ್ಷ ತಳ್ಳಿದೆ. ಕೊನೆಗೆ 1994ರಲ್ಲಿ ಒಂದು ನರ್ಸಿಂಗ್ ಹೋಮಿಗೆ ಹೋದೆ. ಅಲ್ಲಿ ಎರಡು ನಿಮಿಷ ನೋಡಿ, "ಗರ್ಭಕೋಶ ಸ್ವಲ್ಪ ದಪ್ಪ ಇದೆ. ಮಗು ಆಗಿದೆಯಲ್ಲ, ಇನ್ನು ಅದು ಯಾಕೆ? ತೆಗೆದುಬಿಡೋಣ" ಅಂದರು. ಕೆಟ್ಟ ಹಲ್ಲು ಕೀಳುವ ಹಾಗೆ ಹೇಳಿದರು. ನನಗೆ ಆಗ ಮೂವತ್ತೇಳು. ಅಂಡಾಶಯಗಳನ್ನೂ ತೆಗೆದರು, ಎರಡನ್ನೂ. ಫಾರಂಗೆ ಸಹಿ ಹಾಕಿದವಳು ನಾನೇ, ಓದಲಿಲ್ಲ. ದಿನಕ್ಕೆ ಹತ್ತು ಜನರಿಂದ ಅಂಥದ್ದೇ ಫಾರಂಗೆ ಸಹಿ ಹಾಕಿಸುತ್ತಿದ್ದವಳು!

ಮರುವಾರವೇ ಮೈ ಬಿಸಿಯಾಗಿ ಬೆವರು ಸುರಿಯಲು ಶುರುವಾಯಿತು. ಬಯಾಪ್ಸಿ ರಿಪೋರ್ಟಿನಲ್ಲಿ ಗರ್ಭಕೋಶ ನಾರ್ಮಲ್. ನೋವು ಎಲ್ಲಿತ್ತೋ ಅಲ್ಲೇ.

ಇನ್ನೂ ಆರು ವರ್ಷ ಹೀಗೇ ಹೋಯಿತು. ನಮ್ಮ ಆಸ್ಪತ್ರೆಗೆ ಆಗಷ್ಟೇ ಬಂದಿದ್ದ ಸರ್ಜರಿಯ ಹುಡುಗ ಡಾಕ್ಟರೊಬ್ಬ ಒಂದು ದಿನ ಡ್ಯೂಟಿ ರೂಮಿನಲ್ಲಿ ನಾನು ಹೊಟ್ಟೆ ಒತ್ತಿಕೊಂಡು ಕೂತಿದ್ದು ನೋಡಿದ. "ಸಿಸ್ಟರ್, ಎಲ್ಲಿ ನೋವು ಅಂತ ಒಂದೇ ಬೆರಳಲ್ಲಿ ತೋರಿಸಿ" ಅಂದ. ತೋರಿಸಿದೆ. ಸಿಸೇರಿಯನ್ ಗೆರೆಯ ಎಡ ತುದಿ. ಮಲಗಲು ಹೇಳಿ, ಅಲ್ಲೇ ಬೆರಳಿಟ್ಟು ಒತ್ತಿ, "ತಲೆ ಮೇಲೆತ್ತಿ" ಅಂದ. ಎತ್ತಿದೆ. ಕಿರುಚಿಕೊಂಡೆ. "ನೋವು ಒಳಗಿಲ್ಲ ಸಿಸ್ಟರ್, ಹೊಟ್ಟೆಯ ಗೋಡೆಯಲ್ಲಿದೆ. ಹೊಲಿಗೆಯ ಕಲೆಯಲ್ಲಿ ನರ ಸಿಕ್ಕಿಹಾಕಿಕೊಂಡಿದೆ" ಅಂದ. ಕಾರ್ನೆಟ್ ಅನ್ನುವ ಡಾಕ್ಟರ್ 1926ರಲ್ಲೇ ಬರೆದಿಟ್ಟ ಪರೀಕ್ಷೆಯಂತೆ ಅದು. ಹೊಟ್ಟೆ ಬಿಗಿ ಮಾಡಿದಾಗ ನೋವು ಜಾಸ್ತಿಯಾದರೆ ಅದು ಹೆಚ್ಚಾಗಿ ಮೇಲಿನ ಗೋಡೆಯದ್ದು. ಮರಗಟ್ಟಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟ. ಹನ್ನೊಂದು ವರ್ಷದ ನೋವು ಐದು ನಿಮಿಷದಲ್ಲಿ ಇಳಿಯಿತು. ಆಮೇಲೆ ಎರಡು ಸಲ ಹಾಕಿಸಿಕೊಂಡೆ, ಮುಗಿಯಿತು. ಖುಷಿಗೆ ಅತ್ತೆನೋ ಸಿಟ್ಟಿಗೆ ಅತ್ತೆನೋ ಈಗಲೂ ಗೊತ್ತಿಲ್ಲ. ಅಂಡಾಶಯ ಹೋಗಿದ್ದಕ್ಕೆ ಮೂಳೆ ಸವೆದು, ಐವತ್ತೆರಡಕ್ಕೆ ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದು ನಿನಗೆ ನೆನಪಿರಬೇಕು. ಪ್ಲಾಸ್ಟರ್ ಮೇಲೆ ನೀನೇ ಹೂವು ಬರೆದಿದ್ದೆ.

ನಿನಗೂ ಅದೇ ಇದೆ ಅಂತಲ್ಲ, ನಿನಗೆ ಆಪರೇಷನ್ನೇ ಆಗಿಲ್ಲ. ಆದರೆ ಇಲ್ಲಿಯವರೆಗೆ ಮೂರು ಡಾಕ್ಟರ್ ಆಯಿತು, ಒಬ್ಬರಾದರೂ ಹೊಟ್ಟೆ ಮುಟ್ಟಿ ನೋಡಿದರಾ?

ನೀನು ಇವತ್ತೇ ಶುರು ಮಾಡಬೇಕಾದ್ದು ಕ್ಯಾಲೆಂಡರ್. ನಮ್ಮಮ್ಮ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಳಲ್ಲ, ಹಾಗೆ. ಮುಟ್ಟಾದ ದಿನಕ್ಕೆ ಒಂದು ಚುಕ್ಕೆ. ನೋವಿಗೆ ಹತ್ತರಲ್ಲಿ ಎಷ್ಟು ಅಂತ ಅಂಕಿ. ಮಲ ವಿಸರ್ಜನೆಗೆ ಹೋದಾಗ ನೋವಾಯಿತಾ, ಉಚ್ಚೆ ಕಟ್ಟಿದಾಗ ಜಾಸ್ತಿಯಾಗಿ ಹೋದ ಮೇಲೆ ಇಳಿಯಿತಾ, ಹೊಟ್ಟೆ ಉಬ್ಬರಿಸಿತಾ, ರಜೆ ಹಾಕಿದೆಯಾ, ಯಾವ ಮಾತ್ರೆ ನುಂಗಿದೆ. ಎರಡು ತಿಂಗಳು ಬರೆದರೆ ಸಾಕು, ಆ ಹಾಳೆಯೇ ಅರ್ಧ ರೋಗ ಹೇಳುತ್ತದೆ. ಮುಟ್ಟಿನ ಸುತ್ತ ಏರುವ ನೋವು ಒಂದು ದಾರಿ ತೋರಿಸುತ್ತದೆ. ಉಚ್ಚೆಚೀಲದ ನೋವು ಇನ್ನೊಂದು. ತಿಂದ ಮೇಲೆ ಏರಿ ಮಲ ಹೋದ ಮೇಲೆ ಇಳಿದರೆ ಕರುಳಿನ ಕಡೆ ನೋಡಬೇಕು. ಕೆಳಗಿನ ಸ್ನಾಯುಗಳೇ ಬಿಗಿದುಕೊಂಡು ನೋಯುವುದೂ ಉಂಟು. ಅದಕ್ಕೆ ಬೇಕಾಗಿರುವುದು ಮಾತ್ರೆಯಲ್ಲ, ಆ ಸ್ನಾಯು ಸಡಿಲಿಸುವುದು ಗೊತ್ತಿರುವ ಫಿಸಿಯೋಥೆರಪಿಸ್ಟ್. ಬೆಂಗಳೂರಿನಲ್ಲಿ ಸಿಗುತ್ತಾರೆ. ಎಷ್ಟೋ ಸಲ ಎರಡು ಮೂರು ಕಾರಣ ಒಟ್ಟಿಗೇ ಇರುತ್ತವೆ, ಒಂದೇ ಹೆಸರು ಸಿಗಲಿಲ್ಲ ಅಂತ ಗಾಬರಿಯಾಗಬೇಡ. ನಮ್ಮ ದೇಶದಲ್ಲಿ ಗರ್ಭಕೋಶಕ್ಕೂ ಕ್ಷಯ ಬರುತ್ತದೆ. ನಿಮ್ಮಜ್ಜನಿಗೆ ಟಿಬಿ ಆಗಿತ್ತು ಅನ್ನುವುದನ್ನು ಡಾಕ್ಟರಿಗೆ ಮರೆಯದೆ ಹೇಳು.

ಅಂದಹಾಗೆ, 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಂಪುಟ ತಿಂಗಳಿಗೊಂದು ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿದಾಗ ನೀನು ನಕ್ಕಿದ್ದೆ, ನಂದು ಹತ್ತು ದಿನದ ನೋವು ಅಂತ. ಅದೇ ಮಾತನ್ನು ಡಾಕ್ಟರ ಎದುರು ಹೇಳು. "ಸ್ವಲ್ಪ ನೋವು" ಅನ್ನಬೇಡ. ನಮ್ಮ ಮನೆಯ ಹೆಂಗಸರಿಗೆಲ್ಲ ಆ "ಸ್ವಲ್ಪ" ಬಾಯಿಗೆ ಅಂಟಿಕೊಂಡುಬಿಟ್ಟಿದೆ.

ಲ್ಯಾಪ್ರೋಸ್ಕೋಪಿ ಮಾಡಿಸಲಾ ಅಂತ ಕೇಳಿದೆ. ಮುಂಚೆ, ತೂತು ಮಾಡಿ ಕ್ಯಾಮೆರಾ ಇಟ್ಟು ಕಣ್ಣಾರೆ ನೋಡಿದರೇ ಎಂಡೊಮೆಟ್ರಿಯೋಸಿಸ್ ಅಂತ ಒಪ್ಪುತ್ತಿದ್ದರು. 2022ರಲ್ಲಿ ಯುರೋಪಿನ ತಜ್ಞರ ಸಂಘ ಅದನ್ನು ಬದಲಾಯಿಸಿತು. ಲಕ್ಷಣ ಹೊಂದಿದರೆ ಮೊದಲು ಹಾರ್ಮೋನ್ ಮಾತ್ರೆ ಕೊಟ್ಟು ನೋಡಬಹುದು. ಅದು ಕೆಲಸ ಮಾಡದಿದ್ದರೆ, ಅಥವಾ ಬೇಡ ಅನ್ನಿಸಿದರೆ, ಆಗ ಕ್ಯಾಮೆರಾ. ನನಗೂ ಇದೇ ಸರಿ ಅನ್ನಿಸುತ್ತದೆ. ನೋವಿಗೆ ಅಂತ ಮಾಡಿದ ಲ್ಯಾಪ್ರೋಸ್ಕೋಪಿಗಳಲ್ಲಿ ಮೂರನೇ ಒಂದು ಭಾಗದಿಂದ ಅರ್ಧದಷ್ಟರಲ್ಲಿ ಏನೂ ಸಿಗುವುದಿಲ್ಲ. ಮತ್ತೆ ಅದೇ "ಏನೂ ಇಲ್ಲ". ಈ ಸಲ ಮೂರು ತೂತು, ಬಿಲ್ಲು ಬೇರೆ.

ಹಾರ್ಮೋನ್ ಅಂದರೆ ನಿಮ್ಮಮ್ಮ ಹೆದರುತ್ತಾಳೆ. ನೀನು ಹೆದರಬೇಡ. ಡೈನೋಜೆಸ್ಟ್ ಅನ್ನುವ ಮಾತ್ರೆ ಇದೆ, ದಿನಕ್ಕೆ 2 ಮಿಲಿಗ್ರಾಂ. ಮೊದಲ ತಿಂಗಳುಗಳಲ್ಲಿ ಹೇಗೆಂದರೆ ಹಾಗೆ ರಕ್ತದ ಕಲೆ ಕಾಣಬಹುದು. ಎಷ್ಟೋ ಹುಡುಗಿಯರು ಅದಕ್ಕೇ ಗಾಬರಿಯಾಗಿ ಬಿಟ್ಟುಬಿಡುತ್ತಾರೆ. ಮೂರು ತಿಂಗಳಾದರೂ ನೋಡಬೇಕು. ಆದರೆ ಮನಸ್ಸು ಕುಗ್ಗಿದ ಹಾಗಾದರೆ ತಡೆದುಕೊಂಡು ಕೂರದೆ ಡಾಕ್ಟರಿಗೆ ಹೇಳು. ಎರಡು ಹಾರ್ಮೋನ್ ಸೇರಿದ ಗರ್ಭನಿರೋಧಕ ಮಾತ್ರೆಯನ್ನೂ ಕೊಡುತ್ತಾರೆ. ನಿಮ್ಮಮ್ಮನಿಗೆ ತಲೆನೋವಿಗೆ ಮುಂಚೆ ಕಣ್ಣ ಮುಂದೆ ಮಿಂಚು ಹೊಡೆಯುತ್ತದಲ್ಲ, ನಿನಗೂ ಹಾಗಾಗುತ್ತಿದ್ದರೆ ಮೊದಲೇ ಹೇಳು. ಅಂಥವರಿಗೆ ಅದು ಒಳ್ಳೆಯದಲ್ಲ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಎರಡನೆಯ ಡಾಕ್ಟರು ಬರೆದ ಗಾಬಪೆಂಟಿನ್ ಅನ್ನುವ ನರದ ನೋವಿನ ಮಾತ್ರೆಯ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಕಾರಣ ಸಿಗದ ಕಿಬ್ಬೊಟ್ಟೆ ನೋವಿರುವ 306 ಹೆಂಗಸರ ಮೇಲೆ ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ 2020ರಲ್ಲಿ ಫಲಿತಾಂಶ ಹೇಳಿದರು. ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಅದು ಹೆಚ್ಚೇನೂ ಮಾಡಲಿಲ್ಲ. ತಲೆಸುತ್ತು, ತೂಕಡಿಕೆ ಮಾತ್ರ ಜಾಸ್ತಿ ಬಂತು. ಹಾಗಂತ ನೀನೇ ದಿಢೀರನೆ ನಿಲ್ಲಿಸಬೇಡ, ಕೇಳಿ ಇಳಿಸುತ್ತಾ ಬಾ.

ಇನ್ನು ನಿಮ್ಮ ಸೋದರತ್ತೆ ಹೇಳಿದ ಮಾತು. ಮದುವೆಯಾಗಿ ಒಂದು ಮಗು ಆದರೆ ಎಲ್ಲ ಸರಿಹೋಗುತ್ತದೆ ಅಂತೆ. ಯುರೋಪಿನ ಅದೇ ಮಾರ್ಗಸೂಚಿಯಲ್ಲಿ, ಈ ಕಾಯಿಲೆಗೆ ಚಿಕಿತ್ಸೆ ಅಂತ ಬಸುರಾಗಲು ಹೇಳಬೇಡಿ ಅಂತ ಬರೆದಿದೆ. ಮದುವೆ ನಿನಗೆ ಬೇಕು ಅನ್ನಿಸಿದಾಗ ಆಗು, ಔಷಧಿ ಅಂತ ಆಗಬೇಡ. ಆಮೇಲೆ ಗರ್ಭಕೋಶ ತೆಗೆಸಿಬಿಡಬಹುದು ಅಂತಲೂ ಅಂದರಂತೆ. ಅವರಿಗೆ ನನ್ನ ಮಣಿಕಟ್ಟು ತೋರಿಸು. ನಾನೊಬ್ಬಳೇ ಅಲ್ಲ ಪುಟ್ಟಿ. ಹತ್ತು ವರ್ಷದ ಹಿಂದೆ ಕಲಬುರಗಿಯ ತಾಂಡಾಗಳ ಎಷ್ಟೋ ಹೆಂಗಸರು, ಹೊಟ್ಟೆನೋವು ಅಂತ ಹೋದವರ ಗರ್ಭಕೋಶ ತೆಗೆದರು ಅಂತ ಬೀದಿಗೆ ಬಂದರು. ಬೇಡದ ಇಂಥ ಆಪರೇಷನ್ ತಡೆಯಲು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆಲ್ಲ ಹೇಳಬೇಕಾಯಿತು. ತೆಗೆಸಲೇಬೇಕಾದವರೂ ಇರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ಆಪರೇಷನ್ನೇ ಆಗಲಿ, ಫಾರಂ ಮನೆಗೆ ತಂದು ಓದು. ಯಾವುದನ್ನು ತೆಗೆಯುತ್ತಾರೆ, ಯಾವುದನ್ನು ಬಿಡುತ್ತಾರೆ ಅಂತ ಅದರಲ್ಲಿ ಬರೆಸು.

ಕಾಯಬಾರದ ಸಮಯವೂ ಇದೆ. ಒಮ್ಮೆಲೇ ತಡೆಯಲಾಗದ ನೋವು ಬಂದರೆ, ವಾಂತಿ ನಿಲ್ಲದಿದ್ದರೆ, ಜ್ವರ ಬಂದರೆ, ತಲೆಸುತ್ತಿ ಬಿದ್ದರೆ, ಮುಟ್ಟು ತಪ್ಪಿ ನೋವು ಬಂದರೆ, ಕ್ಯಾಲೆಂಡರ್ ಗಿಲೆಂಡರ್ ಏನೂ ಬೇಡ. ರಾತ್ರಿ ಎರಡು ಗಂಟೆಯಾದರೂ ರೂಮ್‌ಮೇಟನ್ನು ಎಬ್ಬಿಸಿ ದೊಡ್ಡ ಆಸ್ಪತ್ರೆಗೆ ಹೋಗು.

ಗುರುವಾರ ತಾಳಗುಪ್ಪದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಶುಕ್ರವಾರದ ಅಪಾಯಿಂಟ್‌ಮೆಂಟಿಗೆ ನಾನೂ ಬರುತ್ತೇನೆ. ನೀನು ಒಳಗೆ ಬಾ ಅಂದರೆ ಒಳಗೆ, ಬೇಡ ಅಂದರೆ ಹೊರಗೆ ಬೆಂಚಿನ ಮೇಲೆ ಕೂರುತ್ತೇನೆ. ಮಾತಾಡುವುದು ನೀನೇ. ಹಳೆಯ ರಿಪೋರ್ಟು, ಚೀಟಿ ಎಲ್ಲ ತಾರೀಕಿನ ಪ್ರಕಾರ ಒಂದು ಕವರಿಗೆ ಹಾಕಿಡು. ಬಿಸಿನೀರಿನ ಚೀಲ ಸೋರುತ್ತದೆ ಅಂದೆಯಲ್ಲ, ನನ್ನ ಹತ್ತಿರ ಹೊಸದೊಂದಿದೆ, ಹಲಸಿನ ಹಪ್ಪಳದ ಜೊತೆ ಅದನ್ನೂ ತರುತ್ತೇನೆ.

ನಿನ್ನ
ದೊಡ್ಡಮ್ಮ