ಆ ರಾಡ್ ಎಲ್ಲಿ ಕಚ್ಚೈತಿ ನೋಡವ್ವಾ

ಅವ್ವಾ,

ನಿನ್ನೆ ಫೋನಿನ್ಯಾಗ "ಅಪ್ಪಾ ಫ್ಯಾನ್ ತಂದೀನಿ, ಬಾಕ್ಸ್ ಮೊದ್ಲ ಐತಿ, ನಾನ ಹಾಕ್ತೀನಿ" ಅಂದಿ, ಮಿಲ್ಲಿನ ಸಪ್ಪಳದಾಗ ನಂಗ ಅರ್ಧ ಕೇಳಿಸ್ಲಿಲ್ಲ, ಅದಕ ಈಗ ಕುಂತು ಬರ್ಯಾಕತ್ತೀನಿ. ರಾಯಚೂರು ಬಿಸಲಾಗ ಫ್ಯಾನ್ ಇಲ್ದ ಮಲ್ಗಾಕ ಆಗಂಗಿಲ್ಲ, ಗೊತ್ತೈತಿ. ಆದ್ರೂ ನಾಕ್ ದಿನ ತಡಿ.

ಬಾಕ್ಸ್ ಐತಿ ಅಂದಿ, ಎಂಥಾ ಬಾಕ್ಸ್ ಅಂತ ಹೇಳ್ಲೇ ಇಲ್ಲ. ಸ್ಲ್ಯಾಬ್ ಹಾಕುವಾಗ ಇಡೋ ಫ್ಯಾನ್ ಬಾಕ್ಸಿನ್ಯಾಗ ಅಡ್ಡ ಒಂದು ಕಬ್ಬಿಣದ ರಾಡ್ ಇರ್ತೈತಿ, ಅದರ ಎರಡೂ ತುದಿ ಹೊರಗ ಹೋಗಿ ಸ್ಲ್ಯಾಬಿನ ಸರಳಿನ ಜೋಡಿ ಕಾಂಕ್ರೀಟಿನಾಗ ಹೂತಿರ್ಬೇಕು, ಭಾರ ಹೊರೋದು ಅದು, ಬಾಕ್ಸಿನ ತಗಡಲ್ಲ. ಲೈಟಿಗಂತ ಇಟ್ಟ ಪ್ಲಾಸ್ಟಿಕ್ ಬಾಕ್ಸೂ ಮುಚ್ಚಳ ಹಾಕಿದ್ರ ಕೆಳಗಿಂದ ಹಂಗ ಕಾಣ್ತೈತಿ, ಅದರ ಸ್ಕ್ರೂಗೆ ಮಾತ್ರ ಫ್ಯಾನ್ ಹಾಕಬ್ಯಾಡ. ಫ್ಯಾನ್ ನಾಕೈದು ಕಿಲೋ ಅಷ್ಟ, ಆದ್ರ ಸುಮ್ನ ನೇತಾಡೋ ಭಾರ ಅಲ್ಲ ಅದು, ದಿನಾ ತಿರುಗಿ ತಿರುಗಿ ಅಲುಗಾಡಿಸ್ತೈತಿ. ರಾಡ್ ತುಕ್ಕು ಹಿಡಿದು ಪದರ ಪದರ ಏಳಾಕತ್ತಿದ್ರೂ, ಸುತ್ತ ಕಾಂಕ್ರೀಟ್ ಉದುರಾಕತ್ತಿದ್ರೂ ಅಲ್ಲೇ ನಿಲ್ಸು. ಎಲ್ಲಾ ಚೊಲೋ ಕಂಡ್ರ, ರಾಡಿಗೆ ಗಟ್ಟಿ ಹಗ್ಗ ಕಟ್ಟಿ 20 ಲೀಟರಿನ ನೀರಿನ ಕ್ಯಾನ್ ತುಂಬಿ ರಾತ್ರಿಯೆಲ್ಲಾ ಬಿಡು, ಅದರ ಕೆಳಗ ಯಾರೂ ಮಲಗಬ್ಯಾಡ್ರಿ.

ಇನ್ನ ಕರೆಂಟು. ಗೋಡಿ ಸ್ವಿಚ್ ಆಫ್ ಮಾಡಿ ಏಣಿ ಹತ್ತೋರನ್ನ ಕಂಡ್ರ ನಂಗ ಸಿಟ್ಟು ಬರ್ತೈತಿ. ಕೆಲವು ಮನ್ಯಾಗ ಸ್ವಿಚ್ಚನ್ನ ಕರೆಂಟ್ ಬರೋ ಫೇಸ್ ವೈರಿಗೆ ಕೊಡೋದ ಬಿಟ್ಟು ವಾಪಸ್ ಹೋಗೋ ನ್ಯೂಟ್ರಲ್ ವೈರಿಗೆ ಕೊಟ್ಟಿರ್ತಾರ, ಸ್ವಿಚ್ ಆಫ್ ಇದ್ರೂ ಮ್ಯಾಲ ಫೇಸ್ ಇದ್ದ ಇರ್ತೈತಿ. ಎಂಸಿಬಿ, ಅಂದ್ರ ಮೇನ್ ಬೋರ್ಡಿನ್ಯಾಗ ಆ ಲೈನಿನ ಕರೆಂಟ್ ಕಡಿಯೋ ಸ್ವಿಚ್, ಅದನ್ನ ಇಳಿಸು. ಮ್ಯಾಲಿನ ಮನಿಯವರ ಇನ್ವರ್ಟರ್ ಲೈನ್ ನಿಮ್ಮ ರೂಮಿಗೂ ಐತಿ ಅಂದಿದ್ದಿ ನೆನಪೈತಿ, ಮೇನ್ ತೆಗೆದ್ರೂ ಅದು ಹರೀತಿರ್ತೈತಿ, ಅದನ್ನೂ ಆಫ್ ಮಾಡ್ಸು. ಆಮ್ಯಾಲ ಟೆಸ್ಟರ್ ಹಿಡಿ, ಆದ್ರ ಮೊದ್ಲು ಕರೆಂಟ್ ಇರೋ ಸಾಕೆಟ್ಟಿನ್ಯಾಗ ಹಿಡಿದು ಟೆಸ್ಟರ್ ನೆಟ್ಟಗೈತಾ ನೋಡ್ಕೊ.

ಸ್ಪ್ಲಿಟ್ ಪಿನ್, ಅಂದ್ರ ನಟ್ ಬಿಚ್ಚಿ ಬರದಂಗ ಬೋಲ್ಟಿನ ತೂತಿನ್ಯಾಗ ಹಾಕೋ ಎರಡು ಕಾಲಿನ ಪಿನ್, ಮರೀಬ್ಯಾಡ. ನೀ ಎರಡನೇತ್ತ್ಯಾಗಿದ್ದಾಗ ನಮ್ಮ ಪಡಸಾಲ್ಯಾಗ ನಾನ ಹಾಕಿದ ಫ್ಯಾನ್ ತಿಂಗಳಾದ್ಮ್ಯಾಲ ಟಿಕ್ ಟಿಕ್ ಅನ್ನಾಕತ್ತಿತ್ತು. ನಾ ಕೆಪಾಸಿಟರ್ ಇರ್ಬೇಕು ಅಂತ ಬಿಟ್ಟೆ, ನಿಮ್ಮವ್ವ ಬಿಡ್ಲಿಲ್ಲ, "ಹುಡುಗಿ ಅದರ ಕೆಳಗ ಮಲಗ್ತಾಳ, ಹತ್ತಿ ನೋಡ್ರಿ" ಅಂದ್ಲು. ನೋಡಿದ್ರ ಡೌನ್ ರಾಡಿನ, ಅಂದ್ರ ಫ್ಯಾನ್ ನೇತಾಡೋ ಪೈಪಿನ, ಬೋಲ್ಟಿಗೆ ಪಿನ್ನೇ ಹಾಕಿಲ್ಲ, ನಟ್ ಎರಡು ಎಳೆ ಮ್ಯಾಲ ನಿಂತೈತಿ. ಮಿಲ್ಲಿನ್ಯಾಗ ಇಷ್ಟು ಮೋಟರ್ ಕಟ್ಟಿದವ ನಾನು, ಆವತ್ತು ಕೈ ನಡುಗಿ ಕೆಳಗಿಳಿಯಾಕ ಹೊತ್ತು ಹಿಡೀತು. ಪಿನ್ ತೂರಿಸಿ ಎರಡೂ ಕಾಲು ಅಗಲಿಸಿ ಬಗ್ಗಿಸ್ಬೇಕು, ಹಳೇ ಪಿನ್ ತಿರುಗಿ ಹಾಕಬ್ಯಾಡ. ವೈರ್ ಬಿಗಿ ಎಳೀಬ್ಯಾಡ, ಹಸಿರು ವೈರ್ ಅರ್ಥಿಂಗಿಗೆ. ರೆಕ್ಕಿ ನೆಲದಿಂದ ಎಂಟಡಿಗಿಂತ ಕೆಳಗ ಬರಬಾರ್ದು.

ಶನಿವಾರ ಡ್ಯೂಟಿ ಮುಗಿಸಿ ಗಂಗಾವತಿಯಿಂದ ಬಸ್ ಹತ್ತತೀನಿ. ಫ್ಯಾನ್ ನೀನ ಹಾಕು, ನಾ ಏಣಿ ಹಿಡಕೊಂಡು ನಿಂದ್ರತೀನಿ. ಮ್ಯಾಲಿನ ಮನಿಯವ್ರನ್ನ ಏಣಿ ಕೇಳಿಡು, ಕಬ್ಬಿಣದ್ದು ಬ್ಯಾಡ, ಕಟಗೀದು.

ನಿಮ್ಮಪ್ಪ